ಶಾಲೆಯ ಹಳೆಯ ಲೇಸರ್‌ಜೆಟ್ 1020ಕ್ಕೆ ಫೋನಿನಿಂದ ಪ್ರಿಂಟ್ ಕೊಡಬೇಕು: ಪ್ರಿಂಟ್ ಸರ್ವರ್ ಡಬ್ಬಿ ತಗೊಳ್ಳಲೋ, ರಾಸ್ಪ್‌ಬೆರಿ ಪೈ ತಗೊಳ್ಳಲೋ?

ಶಾಲೆ ಆಫೀಸು (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಎಸ್‌ಡಿಎ. ನಮ್ಮ ಆಫೀಸಿನಲ್ಲಿ ಇರುವುದು ಒಂದೇ ಪ್ರಿಂಟರ್, ಎಚ್‌ಪಿ ಲೇಸರ್‌ಜೆಟ್ 1020 ಪ್ಲಸ್. ನಾನು ಈ ಶಾಲೆಗೆ ಸೇರುವ ಮೊದಲೇ ಬಂದಿದ್ದು. ಅಕ್ಷರ ಇವತ್ತಿಗೂ ಕಪ್ಪಗೆ, ಚೊಕ್ಕವಾಗಿ ಬರುತ್ತದೆ. ಟಿಸಿ, ವ್ಯಾಸಂಗ ಪ್ರಮಾಣಪತ್ರ, ವೇತನ ಬಿಲ್ಲು, ಎಫ್‌ಎ, ಎಸ್‌ಎ ಪ್ರಶ್ನೆಪತ್ರಿಕೆ ಎಲ್ಲ ಅದರಲ್ಲೇ.

ತೊಂದರೆ ಏನೆಂದರೆ, ಅದರ ಯುಎಸ್‌ಬಿ ಕೇಬಲ್ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಹೆಡ್‌ಮಾಸ್ಟರ್ ತಮ್ಮ ಕಂಪ್ಯೂಟರಿನಿಂದ ಪ್ರಿಂಟ್ ಕೊಡಬೇಕಾದರೆ ನನ್ನದು ಆನ್ ಇರಬೇಕು. ವಿಂಡೋಸ್‌ನಲ್ಲಿ ಶೇರ್ ಮಾಡಿಟ್ಟಿದ್ದೆವು. ಈಗ ಅದೂ ಆಗಾಗ ಕೈಕೊಡುತ್ತದೆ, 11ಬಿ ಎಂದು ಕೊನೆಯಾಗುವ ಒಂದು ಎರರ್ ಬರುತ್ತದೆ. ಉಳಿದ ಶಿಕ್ಷಕರೆಲ್ಲ ಫೋನಿನಲ್ಲೇ ಕೆಲಸ ಮಾಡುವವರು. ವಾಟ್ಸಾಪ್‌ನಲ್ಲಿ ನನಗೆ ಕಳಿಸುತ್ತಾರೆ, ನಾನು ಇಳಿಸಿಕೊಂಡು ಪ್ರಿಂಟ್ ತೆಗೆದು ಕೊಡಬೇಕು. ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಕೆಲಸ ಅಲ್ಲೇ ನಿಂತಿರುತ್ತದೆ. ನಾನು ರಜೆ ಹಾಕಿದ ದಿನ ಯಾರಿಗೂ ಪ್ರಿಂಟೇ ಇಲ್ಲ.

ಆಡಳಿತ ಮಂಡಳಿಯವರು ಐದು ಸಾವಿರದವರೆಗೆ ಖರ್ಚು ಮಾಡಬಹುದು ಎಂದಿದ್ದಾರೆ. ಅಂಗಡಿಯವರು ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕಿ ವೈಫೈ ಇರುವ ಹೊಸದು ತಗೊಳ್ಳಿ ಎನ್ನುತ್ತಾರೆ. ಅದು ಐದು ಸಾವಿರಕ್ಕೆ ಆಗುವ ಮಾತಲ್ಲ. ಗಣಿತದ ಮೇಷ್ಟ್ರು ಆನ್‌ಲೈನ್‌ನಲ್ಲಿ ಒಂದು ಯುಎಸ್‌ಬಿ ಪ್ರಿಂಟ್ ಸರ್ವರ್ ಡಬ್ಬಿ ನೋಡಿಟ್ಟಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಾಕಿ ಮೇಡಂ ಎನ್ನುತ್ತಾನೆ. ಯಾವುದು ಸರಿ?

ಫೋನಿನಿಂದ ನೇರವಾಗಿ ಪ್ರಿಂಟ್ ಆಗುವುದು ಮುಖ್ಯ. ಕಾಗದದ ಎರಡೂ ಬದಿಗೆ ಬರುವಂತೆ ಏನಾದರೂ ಜೋಡಿಸಬಹುದೇ? ಸ್ಕ್ಯಾನ್‌ಗೆ ದಾರಿ ಇದೆಯೇ? ಇನ್ನೊಂದು ವಿಷಯ: ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿವೆ. ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಫೋನಿನಿಂದ ಪ್ರಿಂಟ್ ಕೊಟ್ಟರೆ ಕಾಗದದ ಮೇಲೂ ಹಾಗೇ ಬರುತ್ತದೆಯೇ?

ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ವಕೀಲರ ಆಫೀಸು (ಧಾರವಾಡ)

ಮೇಡಂ, ಪ್ರಿಂಟ್ ಸರ್ವರ್ ಡಬ್ಬಿಯನ್ನೇ ತಗೊಳ್ಳಿ. ನಮ್ಮಲ್ಲಿ ಲೇಸರ್‌ಜೆಟ್ 1320 ಇದೆ, ಅದೂ ಹಳೆಯದೇ. ಡಬ್ಬಿಯ ಒಂದು ಬದಿಗೆ ಪ್ರಿಂಟರ್, ಇನ್ನೊಂದು ಬದಿಗೆ ರೂಟರಿನ ಲ್ಯಾನ್ ಕೇಬಲ್. ಆಫೀಸಿನ ಎಲ್ಲ ಕಂಪ್ಯೂಟರಿನಿಂದಲೂ ಪ್ರಿಂಟ್ ಬರುತ್ತದೆ. ವರ್ಷಗಳಿಂದ ಕೈ ಹಚ್ಚಿಲ್ಲ. ನಮ್ಮ 1320 ತಾನಾಗಿ ಎರಡೂ ಬದಿಗೆ ಹಾಕುತ್ತದೆ, ನಿಮ್ಮದೂ ಎಚ್‌ಪಿ ಅಲ್ವಾ, ಸೆಟ್ಟಿಂಗ್‌ನಲ್ಲಿ ಒಮ್ಮೆ ಹುಡುಕಿ ನೋಡಿ.

ಹಳೇ ಯಂತ್ರ (ದಾವಣಗೆರೆ, ಪ್ರಿಂಟರ್ ರಿಪೇರಿ)

ಮೇಡಂ, ಡಬ್ಬಿಗೆ ಆರ್ಡರ್ ಕೊಡಬೇಡಿ. ಕೊಟ್ಟಿದ್ದರೆ ಕ್ಯಾನ್ಸಲ್ ಮಾಡಿ. ವಕೀಲರು ಹೇಳಿದ್ದು ಅವರ ಯಂತ್ರಕ್ಕೆ ನೂರಕ್ಕೆ ನೂರು ಸರಿ. ನಿಮ್ಮ ಯಂತ್ರಕ್ಕೆ ಆಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಎರಡೂ ಒಂದೇ ಕಂಪನಿಯವು, ಹೆಚ್ಚು ಕಡಿಮೆ ಒಂದೇ ಕಾಲದವು: 1320 ಬಂದದ್ದು 2004ರಲ್ಲಿ, 1020 ಬಂದದ್ದು 2005ರಲ್ಲಿ. ಆದರೆ ಒಳಗೆ ಅಜಗಜಾಂತರ. 1320ಕ್ಕೆ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರಿಂಟರ್ ಭಾಷೆಗಳು ಎರಡೂ ಗೊತ್ತು. ಅದಕ್ಕೆ ಸಾರು ಮಾಡು ಎಂದು ಹೇಳಿದರೆ ಸಾಕು, ತಾನೇ ಹುರಿದು, ರುಬ್ಬಿ, ಕುದಿಸಿ ಇಳಿಸುತ್ತದೆ. 1020ಕ್ಕೆ ಎಲ್ಲ ರುಬ್ಬಿ ಕೈಗೇ ಕೊಡಬೇಕು. ಅದರಲ್ಲಿರುವ ಮೆಮೊರಿ ಬರೀ 2 ಎಂಬಿ, ಹೆಚ್ಚಿಸಲು ಜಾಗವೂ ಇಲ್ಲ. ಪುಟ ಹೇಗಿರಬೇಕು ಎಂಬ ಲೆಕ್ಕವನ್ನೆಲ್ಲ ಕಂಪ್ಯೂಟರೇ ಹಾಕಿ, ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು. ಇಂಥ ಯಂತ್ರಗಳನ್ನು ಹೋಸ್ಟ್ ಬೇಸ್ಡ್ ಅಂತಲೂ, ನಮ್ಮ ಲೈನಿನಲ್ಲಿ ಜಿಡಿಐ ಪ್ರಿಂಟರ್ ಅಂತಲೂ ಕರೆಯುತ್ತೇವೆ.

ಇನ್ನೂ ಒಂದಿದೆ. 1020ರ ಹೊಟ್ಟೆಯಲ್ಲಿ ಅದರ ಫರ್ಮ್‌ವೇರ್, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್, ಖಾಯಂ ಆಗಿ ಉಳಿಯುವುದಿಲ್ಲ. ಸ್ವಿಚ್ ಹಾಕಿದಾಗೆಲ್ಲ ಕಂಪ್ಯೂಟರಿನಿಂದ ಆ ಫೈಲ್ ಹೊಸದಾಗಿ ಹೋಗಬೇಕು. ನಿಮ್ಮ ಕಂಪ್ಯೂಟರ್ ಆನ್ ಇದ್ದು ಪ್ರಿಂಟರ್ ಸ್ವಿಚ್ ಹಾಕಿದರೆ ಸ್ವಲ್ಪ ಹೊತ್ತಿಗೆ ಒಳಗೆ ಕರ್ರ್ ಎಂದು ತಿರುಗಿ ಸುಮ್ಮನಾಗುತ್ತದೆ, ಗಮನಿಸಿರಬಹುದು. ಈ ಕೆಲಸವನ್ನು ವಿಂಡೋಸ್ ಡ್ರೈವರ್ ನಿಮಗೆ ಗೊತ್ತಾಗದ ಹಾಗೆ ಮಾಡುತ್ತಿದೆ. ಕಡಿಮೆ ಬೆಲೆಯ ಪ್ರಿಂಟ್ ಸರ್ವರ್ ಡಬ್ಬಿಗಳು ಬಂದದ್ದನ್ನು ಬಂದ ಹಾಗೆ ಪ್ರಿಂಟರಿಗೆ ದಾಟಿಸುತ್ತವೆ, ಅಷ್ಟೇ. ಪುಟ ರೂಪಿಸುವುದು, ಫರ್ಮ್‌ವೇರ್ ಕಳಿಸುವುದು ಅವುಗಳ ಕೆಲಸವಲ್ಲ. ನಿಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೋ ಅಷ್ಟು ಸಲ ಪ್ರಿಂಟರ್ ಖಾಲಿ ತಲೆಯಲ್ಲಿ ಕೂತಿರುತ್ತದೆ.

ಈ ಥ್ರೆಡ್ ಓದುವ ಬೇರೆಯವರಿಗೂ ಹೇಳುತ್ತೇನೆ. ಯಾವುದೇ ಹಳೆಯ ಪ್ರಿಂಟರಿಗೆ ಏನಾದರೂ ಜೋಡಿಸುವ ಮೊದಲು ಅದರ ಕೈಪಿಡಿಯಲ್ಲಿ ಪ್ರಿಂಟರ್ ಲ್ಯಾಂಗ್ವೇಜ್ ಎಂಬ ಸಾಲು ಹುಡುಕಿ. ಪಿಸಿಎಲ್ 5, ಪಿಸಿಎಲ್ 6 ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂದಿದ್ದರೆ ಡಬ್ಬಿ ನಡೆಯುತ್ತದೆ. ಹೋಸ್ಟ್ ಬೇಸ್ಡ್ ಎಂದಿದ್ದರೆ ಪಕ್ಕದಲ್ಲಿ ಯಾವುದೋ ಒಂದು ಕಂಪ್ಯೂಟರ್ ಇರಲೇಬೇಕು. ಎಷ್ಟು ಚಿಕ್ಕದಾದರೂ ಪರವಾಗಿಲ್ಲ, ಕಂಪ್ಯೂಟರ್ ಆಗಿರಬೇಕು.

ರೂಟರಿನ ಹಿಂದೆ ಯುಎಸ್‌ಬಿ ತೂತು ಇರುತ್ತದಲ್ಲ, ಅದರ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಕೆಲವು ರೂಟರ್‌ಗಳು ಯುಎಸ್‌ಬಿಯನ್ನೇ ನೆಟ್‌ವರ್ಕ್ ಮೂಲಕ ಕಂಪ್ಯೂಟರಿಗೆ ಕಾಣಿಸುತ್ತವೆ. ಅದಕ್ಕೆ ಪ್ರತಿ ಕಂಪ್ಯೂಟರಿನಲ್ಲೂ ಅವರದೇ ಸಾಫ್ಟ್‌ವೇರ್ ಬೇಕು. ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ ಮಾತ್ರ ಪ್ರಿಂಟರ್ ಇರುತ್ತದೆ. ಫೋನಿಗೆ ಇದರಿಂದ ಏನೂ ಸಿಗುವುದಿಲ್ಲ. ನಿಮಗೆ ಬೇಕಾಗಿರುವುದೇ ಫೋನು, ಹಾಗಾಗಿ ಅದನ್ನು ಬಿಟ್ಟುಬಿಡಿ.

ನಿಮ್ಮ ಹಳೆಯ ವಿದ್ಯಾರ್ಥಿ ಸರಿಯಾಗಿ ಹೇಳಿದ್ದಾನೆ. ಪೈ ಒಳ್ಳೆಯ ದಾರಿ. ಆದರೆ ಅದನ್ನೂ ಕೊಳ್ಳುವ ಮೊದಲು ಶಾಲೆಯ ಅಟ್ಟದಲ್ಲೋ ಲ್ಯಾಬಿನಲ್ಲೋ ಬಳಸದೆ ಬಿದ್ದಿರುವ ಲ್ಯಾಪ್‌ಟಾಪ್ ಇದೆಯೇ ನೋಡಿ. ಬ್ಯಾಟರಿ ಅರ್ಧ ಸತ್ತಿದ್ದರೂ ಸರಿ.

ಆ 11ಬಿ ಎರರ್ ನಿಮ್ಮ ಕಂಪ್ಯೂಟರಿನ ರೋಗವಲ್ಲ. 2021ರಲ್ಲಿ ವಿಂಡೋಸ್‌ನ ಪ್ರಿಂಟ್ ವ್ಯವಸ್ಥೆಯಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೊಡ್ಡ ಸುರಕ್ಷತಾ ದೋಷ ಸಿಕ್ಕಿತು. ಆ ವರ್ಷ ಬಂದ ಅಪ್‌ಡೇಟ್‌ಗಳಲ್ಲಿ ಶೇರಿಂಗ್ ನಿಯಮ ಬಿಗಿಯಾಯಿತು. ಆಗಿನಿಂದ ಊರೂರಲ್ಲಿ ಈ ಎರರ್. ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಬದಲಿಸಿ ಸರಿಮಾಡಿಕೊಡುವವರಿದ್ದಾರೆ. ಹಾಗೆ ಮಾಡಿದರೆ ಆ ಬಿಗಿಯೇ ಸಡಿಲವಾಗುತ್ತದೆ, ಮಾಡಿಸಬೇಡಿ. ಪ್ರಿಂಟರನ್ನೇ ಆ ಕಂಪ್ಯೂಟರಿನಿಂದ ಬಿಡಿಸಿದರೆ ಎರರ್‌ನ ಪ್ರಶ್ನೆಯೇ ಇಲ್ಲ.

ಇನ್ನು ನೇರವಾಗಿ ಹೇಳಬೇಕಾದ ಮಾತು. ತಾನಾಗಿ ಎರಡೂ ಬದಿಗೆ ಪ್ರಿಂಟ್ ಹಾಕುವ ಭಾಗ 1020ಕ್ಕೆ ಬರಲೇ ಇಲ್ಲ, ಹೊರಗಿನಿಂದ ಜೋಡಿಸಲು ಆಗುವುದಿಲ್ಲ. ಯಾರಾದರೂ ಮಾಡಿಕೊಡುತ್ತೇನೆ ಎಂದರೆ ಹಣ ಕೊಡಬೇಡಿ. ಕಾಗದ ತಿರುಗಿಸಿ ಹಾಕುವ ದಾರಿ ಇದೆ. ಸ್ಕ್ಯಾನ್ ಕೂಡ ಈ ಯಂತ್ರದ ಕೆಲಸವಲ್ಲ. ಅದಕ್ಕೆ ಫೋನು ಸಾಕು, ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಇದೆ, ನೇರವಾಗಿ ಪಿಡಿಎಫ್ ಆಗುತ್ತದೆ.

ಹೊಸ ಪ್ರಿಂಟರಿಗೆ ಎಕ್ಸ್‌ಚೇಂಜ್ ಎನ್ನುವ ಮಾತು ಕೇಳಿ ನನಗೆ ಬೇಜಾರಾಯಿತು. 1020 ಎಂದರೆ ಇವತ್ತಿಗೂ ಪ್ರತಿ ತಾಲೂಕಿನಲ್ಲಿ ರಿಪೇರಿ ಗೊತ್ತಿರುವವರಿದ್ದಾರೆ, ಪಾರ್ಟ್ ಸಿಗುತ್ತದೆ, 12ಎ ಕಾರ್ಟ್ರಿಜ್ ಸಿಗುತ್ತದೆ, ರೀಫಿಲ್ ಆಗುತ್ತದೆ. ಡ್ರಮ್ಮು ಟೋನರು ಒಂದೇ ಕಾರ್ಟ್ರಿಜ್‌ನಲ್ಲಿರುವುದರಿಂದ ಅದನ್ನು ಬದಲಿಸಿದರೆ ಅರ್ಧ ಯಂತ್ರ ಹೊಸದಾದ ಹಾಗೆ. ಇಷ್ಟು ಸುಲಭವಾಗಿ ಬಿಚ್ಚಿ ಜೋಡಿಸಬಹುದಾದ ಯಂತ್ರ ಈಗ ಕಡಿಮೆ. ಅದನ್ನು ಗುಜರಿಗೆ ಕೊಡಬೇಡಿ ಮೇಡಂ.

ವಕೀಲರ ಆಫೀಸು (ಧಾರವಾಡ)

ಸರ್, ಇದು ನನಗೆ ತಿಳಿದಿರಲಿಲ್ಲ, ವಿವರಿಸಿದ್ದು ಚಲೋ ಆಯಿತು. ಹಾಗಾದರೆ ಎರಡೂ ಬದಿ ಬೇಕೇ ಬೇಕು ಅನ್ನುವವರು ಏನು ಮಾಡಬೇಕು?

ಹಳೇ ಯಂತ್ರ (ದಾವಣಗೆರೆ, ಪ್ರಿಂಟರ್ ರಿಪೇರಿ)

ದಿನವೂ ಎರಡೂ ಬದಿ ಬೇಕೆಂದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಲೇಸರ್‌ಜೆಟ್ ಪಿ2055ಡಿಎನ್ ನೋಡಲಿ ಸರ್. ತಾನಾಗಿ ಎರಡು ಬದಿ ಹಾಕುತ್ತದೆ, ಲ್ಯಾನ್ ಪೋರ್ಟ್ ಅದರಲ್ಲೇ ಇದೆ, ಪಿಸಿಎಲ್ ಗೊತ್ತು. ಡಬ್ಬಿಯ ಖರ್ಚೂ ಇಲ್ಲ. ಕೊಳ್ಳುವಾಗ ಫ್ಯೂಸರ್ (ಟೋನರ್ ಪುಡಿಯನ್ನು ಬಿಸಿ ಮಾಡಿ ಕಾಗದಕ್ಕೆ ಅಂಟಿಸುವ ಭಾಗ) ಹೇಗಿದೆ ನೋಡಿಕೊಳ್ಳಬೇಕು: ಇಡೀ ಪುಟ ಕಪ್ಪಾಗಿರುವ ಒಂದು ಪ್ರಿಂಟ್ ತೆಗೆಸಿ, ಬೆರಳಿನಿಂದ ಉಜ್ಜಿದಾಗ ಪುಡಿ ಅಂಟಿದರೆ ಬೇಡ. ಶಾಲೆಗೆ ಇದು ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಶಾಲೆ ಆಫೀಸು (ತೀರ್ಥಹಳ್ಳಿ ಕಡೆ)

ತುಂಬಾ ಉಪಕಾರವಾಯಿತು ಸರ್. ಡಬ್ಬಿ ಇನ್ನೂ ತರಿಸಿಲ್ಲ. ಲ್ಯಾಬಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಕೋರ್ 2 ಡ್ಯುಯೊ ಎಂದು ಅಂಟಿಸಿದ್ದಾರೆ. ಕೀಬೋರ್ಡಿನ ಕೆಲವು ಅಕ್ಷರ ಒತ್ತಲು ಬರುವುದಿಲ್ಲ, ಪರದೆ ಸರಿ ಇದೆ. ಬ್ಯಾಟರಿ ಅರ್ಧ ಗಂಟೆ ಬರುತ್ತದೆ. ಇದು ಸಾಕೇ?

ಇನ್ನೊಂದು ಚಿಂತೆ. ಪ್ರಶ್ನೆಪತ್ರಿಕೆ ಗುಟ್ಟಾಗಿರಬೇಕು. ಎಲ್ಲರೂ ಒಂದೇ ಯಂತ್ರಕ್ಕೆ ಕಳಿಸಿದರೆ ಒಬ್ಬರದು ಇನ್ನೊಬ್ಬರಿಗೆ ಕಾಣುತ್ತದೆಯೇ? ಮಕ್ಕಳಿಗೆ ಸಿಕ್ಕಿದರೆ ಏನು ಮಾಡುವುದು? ಹೆಡ್‌ಮಾಸ್ಟರ್ ಮೊದಲು ಕೇಳಿದ್ದೇ ಇದು.

ಪೆಂಗ್ವಿನ್ (ಹಾಸನ)

ಮೇಡಂ, ಕೋರ್ 2 ಡ್ಯುಯೊ ಧಾರಾಳ ಸಾಕು. ಅದು 64 ಬಿಟ್ ಪ್ರೊಸೆಸರ್, ಅದು ಮುಖ್ಯ. ಅದಕ್ಕೆ ವಿಂಡೋಸ್ ಬದಲು ಡೆಬಿಯನ್ ಎಂಬ ಲಿನಕ್ಸ್ ಹಾಕಬೇಕು. ಡೆಬಿಯನ್ 13 ಈಗ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದಿಲ್ಲ. ಕೆಟ್ಟ ಕೀಲಿಗಳ ಚಿಂತೆ ಬೇಡ, ಒಂದು ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು.

ನಮ್ಮೂರ ಲೈಬ್ರರಿಯಲ್ಲಿ ಇದೇ ಥರ ಒಂದು 1020 ನಡೆಯುತ್ತಿದೆ, ನಾನೇ ಹಾಕಿಕೊಟ್ಟಿದ್ದು. ಮಾಡಿದ ಕ್ರಮ ಹೇಳುತ್ತೇನೆ. ಡೆಬಿಯನ್ ಹಾಕುವಾಗ ಡೆಸ್ಕ್‌ಟಾಪ್ ಬೇಡ ಎಂದು ಆರಿಸಿ, ಯಂತ್ರ ಹಗುರವಾಗಿರುತ್ತದೆ. ಆಮೇಲೆ ಕಪ್ಸ್ ಹಾಕಿ. ಲಿನಕ್ಸ್‌ನಲ್ಲೂ ಆಪಲ್ ಮ್ಯಾಕ್‌ನಲ್ಲೂ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಇದೇ. ಅದರ ಜೊತೆ ಅವಾಹಿ ಎಂಬುದನ್ನು ಹಾಕಿ. ನೆಟ್‌ವರ್ಕಿನಲ್ಲಿ ಇಲ್ಲೊಂದು ಪ್ರಿಂಟರ್ ಇದೆ ಎಂದು ಫೋನುಗಳಿಗೆ ಸಾರುವುದು ಅದರ ಕೆಲಸ. ಐಫೋನಿಗೆ ಅದು ಏರ್‌ಪ್ರಿಂಟ್ ಆಗಿ ಕಾಣುತ್ತದೆ. ಈಗಿನ ಆಂಡ್ರಾಯ್ಡ್ ಫೋನುಗಳು ತಾವಾಗಿಯೇ ಹುಡುಕಿಕೊಳ್ಳುತ್ತವೆ. ಹಳೆಯ ಫೋನಾದರೆ ಪ್ಲೇ ಸ್ಟೋರಿನಿಂದ ಮೋಪ್ರಿಯಾ ಪ್ರಿಂಟ್ ಸರ್ವಿಸ್ ಹಾಕಿಕೊಳ್ಳಲಿ.

1020ರ ಡ್ರೈವರಿಗೆ ಎರಡು ದಾರಿ ಇವೆ. ಒಂದು ಎಚ್‌ಪಿಯವರದೇ ಎಚ್‌ಪಿಲಿಪ್, ಅದರ ಜೊತೆಗೆ ಅವರ ಪ್ಲಗಿನ್ ಬೇರೆ ಇಳಿಸಿಕೊಳ್ಳಬೇಕು. ಇನ್ನೊಂದು ಫೂಟುಜೆಡ್‌ಜೆಎಸ್ ಎಂಬ ಮುಕ್ತ ಡ್ರೈವರ್, ಅದರಲ್ಲಿ ಫರ್ಮ್‌ವೇರ್ ಫೈಲನ್ನು ಒಮ್ಮೆ ಇಳಿಸಿಟ್ಟರೆ ಪ್ರಿಂಟರ್ ಸ್ವಿಚ್ ಹಾಕಿದಾಗೆಲ್ಲ ತಾನೇ ಕಳಿಸುತ್ತದೆ. ಎರಡರಲ್ಲಿ ಯಾವುದಾದರೂ ಒಂದನ್ನೇ ಹಾಕಿ. ಎರಡೂ ಇದ್ದರೆ ಫರ್ಮ್‌ವೇರ್ ಕಳಿಸುವಾಗ ಒಂದಕ್ಕೊಂದು ಅಡ್ಡ ಬರುತ್ತವೆ. ನಾನು ಎರಡನೆಯದನ್ನೇ ಹಾಕುವುದು, ಅದು ಚಿಕ್ಕದು, ನಂಬಿಕೆಯದು.

ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸುವುದನ್ನು ಮರೆಯಬೇಡಿ. ಮುಚ್ಚಿ ಪ್ರಿಂಟರ್ ಪಕ್ಕ ಇಟ್ಟುಬಿಡಿ. ರೂಟರಿನಲ್ಲಿ ಅದಕ್ಕೆ ಒಂದು ಖಾಯಂ ಐಪಿ ವಿಳಾಸ ಕೊಡಿ. ನಿಮ್ಮ ಮತ್ತು ಹೆಡ್‌ಮಾಸ್ಟರ್ ಕಂಪ್ಯೂಟರಿನಲ್ಲಿ ಎಚ್‌ಪಿ ಡ್ರೈವರ್ ಬೇಕಿಲ್ಲ. ಪ್ರಿಂಟರ್ ಸೇರಿಸುವಾಗ ವಿಳಾಸ ಕೊಟ್ಟು ಸೇರಿಸುವ ಆಯ್ಕೆ ತಗೊಂಡು, ಲ್ಯಾಪ್‌ಟಾಪಿನ ಐಪಿ ಮತ್ತು 631ನೇ ಪೋರ್ಟ್ ಹಾಕಿ, ಕಪ್ಸ್‌ನಲ್ಲಿ ಕೊಟ್ಟ ಹೆಸರು ಹಾಕಿ. ವಿಂಡೋಸ್ 10, 11 ಎರಡರಲ್ಲೂ ಇರುವ ಮೈಕ್ರೋಸಾಫ್ಟ್ ಐಪಿಪಿ ಡ್ರೈವರ್ ಸಾಕಾಗುತ್ತದೆ. ಪ್ರಿಂಟರ್ ಕಂಪನಿಗಳ ಹಳೆಯ ಮಾದರಿಯ ಡ್ರೈವರ್‌ಗಳಿಗೆ ಬೆಂಬಲ ಹಂತ ಹಂತವಾಗಿ ಕಡಿಮೆ ಮಾಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಇರುವ ಡ್ರೈವರ್ ನಾಳೆಯೇ ನಿಲ್ಲುತ್ತದೆ ಎಂದೇನಲ್ಲ. ಆದರೂ ಡ್ರೈವರಿನ ಭಾರವನ್ನು ಲ್ಯಾಪ್‌ಟಾಪಿನ ಮೇಲೆ ಹಾಕಿಟ್ಟರೆ ಮುಂದೆ ವಿಂಡೋಸ್ ಬದಲಾದಾಗ ನಿಮಗೆ ಓಡಾಟ ತಪ್ಪುತ್ತದೆ.

ಪ್ರಶ್ನೆಪತ್ರಿಕೆ ವಿಷಯಕ್ಕೆ ಬರುತ್ತೇನೆ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಕಪ್ಸ್ ತನ್ನ ಪಾಡಿಗೆ ಬಿಟ್ಟರೆ, ಪ್ರಿಂಟ್ ಆದ ಫೈಲನ್ನು ಒಂದು ದಿನ ಇಟ್ಟುಕೊಂಡಿರುತ್ತದೆ. ಮತ್ತೆ ಪ್ರಿಂಟ್ ಕೊಡಲು ಅನುಕೂಲ ಅಂತ. ಶಾಲೆಯಲ್ಲಿ ಅದು ಬೇಡ. ಕಪ್ಸ್‌ನ ಕಾನ್ಫಿಗರೇಶನ್ ಫೈಲಿನಲ್ಲಿ ಪ್ರಿಸರ್ವ್ ಜಾಬ್ ಫೈಲ್ಸ್ ಎಂಬುದಕ್ಕೆ ನೋ ಎಂದು ಕೊಡಿ, ಪ್ರಿಂಟ್ ಮುಗಿದ ಕೂಡಲೇ ಫೈಲ್ ಹೋಗುತ್ತದೆ. ಲ್ಯಾಪ್‌ಟಾಪಿನ ಪಾಸ್‌ವರ್ಡ್ ನಿಮ್ಮ ಮತ್ತು ಹೆಡ್‌ಮಾಸ್ಟರ್ ಹತ್ತಿರ ಮಾತ್ರ ಇರಲಿ. ಲ್ಯಾಬಿನ ಮಕ್ಕಳಿಗೆ ಬೇರೆ ವೈಫೈ ಹೆಸರು ಕೊಡಿ, ಆಫೀಸಿನ ವೈಫೈ ಅವರಿಗೆ ಬೇಡ. 631ನೇ ಪೋರ್ಟನ್ನು ರೂಟರಿನಿಂದ ಹೊರಗೆ ತೆರೆಯಲೇಬಾರದು. 2024ರ ಸೆಪ್ಟೆಂಬರಿನಲ್ಲಿ ಕಪ್ಸ್ ಬ್ರೌಸ್‌ಡ್ ಎಂಬ ಭಾಗದಲ್ಲಿ ದೊಡ್ಡ ದೋಷ ಸಿಕ್ಕಿತ್ತು. ಅಪ್‌ಡೇಟ್ ಬಂದಿದೆ, ಆದರೂ ನಿಮಗೆ ಆ ಭಾಗವೇ ಬೇಕಿಲ್ಲ, ತೆಗೆದುಹಾಕಿ.

ಕಾಗದ ಮಾತ್ರ ಟ್ರೇ ಮೇಲೆ ಬಂದು ಬೀಳುತ್ತದೆ, ಅದನ್ನು ಯಾವ ಸೆಟ್ಟಿಂಗೂ ಕಾಯುವುದಿಲ್ಲ. ಪರೀಕ್ಷೆ ಹೊತ್ತಿನಲ್ಲಿ ಪತ್ರಿಕೆ ಕಳಿಸಿದ ಮೇಷ್ಟ್ರು ಪ್ರಿಂಟರ್ ಎದುರೇ ನಿಂತಿರಬೇಕು ಎಂದು ನಿಯಮ ಮಾಡಿ.

ನುಡಿಯ ಪ್ರಶ್ನೆಗೆ ಉತ್ತರ: ಹೌದು, ವರ್ಡ್ ಫೈಲನ್ನೇ ಫೋನಿನಿಂದ ಕೊಟ್ಟರೆ ಕಾಗದದ ಮೇಲೂ ಹಾಗೇ ಬರುತ್ತದೆ. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಫೋನಿನಲ್ಲಿ ಕಾಣುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ಪಿಡಿಎಫ್ ಮಾಡಿ ಹಂಚಿ. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಂಡಿರುತ್ತದೆ, ಯಾವ ಫೋನಿನಿಂದ ಕೊಟ್ಟರೂ ಕಪ್ಸ್ ಅದನ್ನೇ ಚಿತ್ರ ಮಾಡಿ ಪ್ರಿಂಟರಿಗೆ ಕಳಿಸುತ್ತದೆ. ಒತ್ತಕ್ಷರ, ಅರ್ಕಾವತ್ತು ಎಲ್ಲ ಇದ್ದ ಹಾಗೆ ಬರುತ್ತವೆ. ಹೊಸ ಪತ್ರಿಕೆಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಲು ಹೇಳಿ. ಹಳೆಯವನ್ನು ಬದಲಿಸಲು ಕನ್ವರ್ಟರ್ ಇದೆ. ಬದಲಿಸಿದ ಮೇಲೆ ಗಣಿತದ ಚಿಹ್ನೆಗಳನ್ನೂ ಅಂಕಿಗಳನ್ನೂ ಕಣ್ಣಿಟ್ಟು ಓದಿ, ಹೆಚ್ಚು ತಪ್ಪಾಗುವುದು ಅಲ್ಲೇ.

ಇದೇ ಥ್ರೆಡ್‌ಗೆ ಕ್ಯಾನನ್ ಎಲ್‌ಬಿಪಿ 2900 ಇಟ್ಟುಕೊಂಡವರೂ ಬರಬಹುದು, ಅದಕ್ಕೇ ಒಂದು ಸಾಲು. ಅದೂ ಹೋಸ್ಟ್ ಬೇಸ್ಡ್, ಅದರ ಭಾಷೆ ಕ್ಯಾಪ್ಟ್. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್, ಎಎಂಡಿ ಪ್ರೊಸೆಸರ್‌ಗೆ ಮಾತ್ರ. ಪೈ ಮೇಲೆ ಅದು ನಡೆಯುವುದಿಲ್ಲ. ಅವರೂ ಹಳೆಯ ಲ್ಯಾಪ್‌ಟಾಪನ್ನೇ ಬಳಸಲಿ.

ಹಳೇ ಯಂತ್ರ (ದಾವಣಗೆರೆ, ಪ್ರಿಂಟರ್ ರಿಪೇರಿ)

ಪೆಂಗ್ವಿನ್ ಸಾಹೇಬರು ಸಾಫ್ಟ್‌ವೇರ್ ಎಲ್ಲ ಹೇಳಿದರು. ನಾನು ಕರೆಂಟು ಮತ್ತು ಯಂತ್ರದ ಬಗ್ಗೆ ಹೇಳುತ್ತೇನೆ.

ಲ್ಯಾಪ್‌ಟಾಪ್ ಮತ್ತು ರೂಟರ್ ಯುಪಿಎಸ್ ಮೇಲೆ ಇರಲಿ. ಪ್ರಿಂಟರನ್ನು ಯಾವ ಕಾರಣಕ್ಕೂ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಹಾಕಬೇಡಿ. ಲೇಸರ್ ಪ್ರಿಂಟರಿನೊಳಗೆ ಫ್ಯೂಸರ್ ಎಂಬ ಬಿಸಿ ಮಾಡುವ ಭಾಗ ಇದೆ. ಅದು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಯುಪಿಎಸ್ ಚೀರುತ್ತದೆ, ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಆರಿಸುತ್ತದೆ. ಪ್ರಿಂಟರ್ ನೇರವಾಗಿ ಗೋಡೆಯ ಸಾಕೆಟ್‌ಗೇ ಇರಲಿ. ಕರೆಂಟ್ ಹೋದರೆ ಪ್ರಿಂಟರ್ ಆರುತ್ತದೆ, ಬಂದರೆ ಲ್ಯಾಪ್‌ಟಾಪ್ ಫರ್ಮ್‌ವೇರ್ ಕಳಿಸಿ ಎಬ್ಬಿಸುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ, ಯಾರೂ ಎದ್ದು ಹೋಗಿ ಏನೂ ಒತ್ತಬೇಕಿಲ್ಲ. 1020ರಲ್ಲಿ ಒತ್ತಲು ಬಟನ್ನೂ ಇಲ್ಲ, ಎರಡು ದೀಪ ಅಷ್ಟೇ.

ನಿಮ್ಮದು ಸಿಡಿಲಿನ ಊರು. ಮುಂಗಾರು ಶುರುವಾಗುವ ಮೊದಲಿನ ಗುಡುಗು ಮಳೆಗೆ ಲ್ಯಾನ್ ಪೋರ್ಟ್ ಸುಟ್ಟ ಯಂತ್ರಗಳು ಮಲೆನಾಡಿನ ಕಡೆಯಿಂದ ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಕೇಬಲ್ಲಿನಲ್ಲೇ ಏಟು ಬರುತ್ತದೆ. ಹಾಗಾಗಿ ಲ್ಯಾಪ್‌ಟಾಪನ್ನು ರೂಟರಿಗೆ ವೈಫೈಯಲ್ಲೇ ಸೇರಿಸಿ, ಉದ್ದ ಲ್ಯಾನ್ ಕೇಬಲ್ ಎಳೆಯಬೇಡಿ. ಸಂಜೆ ಶಾಲೆ ಬಿಡುವಾಗ ಪ್ರಿಂಟರ್ ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು.

ಮುಂದೆ ಯಾವಾಗಲಾದರೂ ಲ್ಯಾಪ್‌ಟಾಪ್ ಸತ್ತರೆ ಆಗ ಪೈ ಝೀರೋ 2 ಡಬ್ಲ್ಯೂ ತಗೊಳ್ಳಿ. 512 ಎಂಬಿ ಮೆಮೊರಿ, ಈ ಕೆಲಸಕ್ಕೆ ಆಗುತ್ತದೆ. ಅದಕ್ಕೆ ಒಟಿಜಿ ಕೇಬಲ್, ಒಳ್ಳೆಯ ಅಡಾಪ್ಟರ್, ಮೆಮೊರಿ ಕಾರ್ಡ್ ಬೇರೆ ಬೇಕು. ಅದರ ವೈಫೈ 2.4 ಗಿಗಾಹರ್ಟ್ಸ್ ಮಾತ್ರ. ರೂಟರಿನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದರೆ ಪೈ ಸೇರುವುದೇ ಇಲ್ಲ. ಅದಕ್ಕೆ ಬ್ಯಾಟರಿ ಇಲ್ಲವಲ್ಲ, ಕರೆಂಟ್ ಹೋಗಿ ಬಂದು ಮಾಡಿದರೆ ಮೆಮೊರಿ ಕಾರ್ಡ್ ಕೆಡುತ್ತದೆ. ನಿಮ್ಮೂರಿಗೆ ಲ್ಯಾಪ್‌ಟಾಪೇ ಮೊದಲು ಎಂದು ನಾನು ಹೇಳಿದ್ದು ಇದೇ ಕಾರಣಕ್ಕೆ.

ಉಳಿದ ಐದು ಸಾವಿರದಲ್ಲಿ ಯಂತ್ರಕ್ಕೆ ಸ್ವಲ್ಪ ಖರ್ಚು ಮಾಡಿ ಮೇಡಂ. ಇಷ್ಟು ವರ್ಷ ನಡೆದ ಪ್ರಿಂಟರ್, ಇನ್ನು ಮೇಲೆ ಎಲ್ಲರೂ ಬಳಸುತ್ತಾರೆ. ಪಿಕಪ್ ರೋಲರ್ ಮತ್ತು ಸೆಪರೇಶನ್ ಪ್ಯಾಡ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಒಂದೋ ಕಾಗದ ಹಿಡಿಯುವುದಿಲ್ಲ, ಇಲ್ಲ ಎರಡೆರಡು ಹಾಳೆ ಒಟ್ಟಿಗೆ ಎಳೆಯುತ್ತದೆ. ಬಂದ ಕಾಗದದ ಮೇಲೆ ಉಜ್ಜಿದರೆ ಅಕ್ಷರ ಅಳಿಸುತ್ತಿದ್ದರೆ ಫ್ಯೂಸರಿನ ಟೆಫ್ಲಾನ್ ಹೋಗಿದೆ ಎಂದರ್ಥ, ಅದನ್ನೂ ಹಾಕಿಸಿ. ಶಿವಮೊಗ್ಗದಲ್ಲಿ ಯಾವ ಪ್ರಿಂಟರ್ ಮೆಕ್ಯಾನಿಕ್ ಹತ್ತಿರ ಹೋದರೂ ಈ ಪಾರ್ಟ್ ಇರುತ್ತದೆ.

ಮಳೆಗಾಲದಲ್ಲಿ ಕಾಗದದ ಕಟ್ಟು ಒಡೆದಿಟ್ಟರೆ ಶೀತ ಹಿಡಿಯುತ್ತದೆ. ಶೀತದ ಕಾಗದ ಬಿಸಿ ಫ್ಯೂಸರಿನಲ್ಲಿ ಹೋದರೆ ಸುರುಳಿಯಾಗುತ್ತದೆ, ಸಿಕ್ಕಿಕೊಳ್ಳುತ್ತದೆ. ಬೇಕಾದಷ್ಟೇ ಹಾಳೆ ಟ್ರೇಗೆ ಹಾಕಿ, ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಡಿ.

ಇನ್ನು ಒಂದೇ ಪತ್ರಿಕೆಯ ಪ್ರತಿ ಮಗುವಿನ ಕಾಪಿಯನ್ನೂ ಇದರಲ್ಲೇ ತೆಗೆಯಬೇಡಿ. ಈ ಯಂತ್ರ ನಿಮಿಷಕ್ಕೆ 14 ಪುಟದ್ದು, ತಿಂಗಳಿಗೆ ಹೆಚ್ಚೆಂದರೆ 5,000 ಪುಟದ ಲೆಕ್ಕದಲ್ಲಿ ಮಾಡಿದ್ದು. 12ಎ ಕಾರ್ಟ್ರಿಜ್ ಕಂಪನಿಯ ಲೆಕ್ಕದಲ್ಲೇ 2,000 ಪುಟಕ್ಕೆ ಮುಗಿಯುತ್ತದೆ. ಒಂದು ಒಳ್ಳೆಯ ಮೂಲ ಪ್ರತಿ ಇದರಲ್ಲಿ ತೆಗೆದು, ಉಳಿದದ್ದು ನಂಬಿಕೆಯ ಕಡೆ ನಿಮ್ಮ ಕಣ್ಣೆದುರೇ ಜೆರಾಕ್ಸ್ ಮಾಡಿಸಿ.

ಶಾಲೆ ಆಫೀಸು (ತೀರ್ಥಹಳ್ಳಿ ಕಡೆ)

ಹಳೆಯ ವಿದ್ಯಾರ್ಥಿ ಭಾನುವಾರ ಬಂದು ಕೂತು ಎಲ್ಲ ಹಾಕಿಕೊಟ್ಟ. ನನ್ನ ಕಂಪ್ಯೂಟರಿನಿಂದ ಬರುತ್ತಿದೆ, ಹೆಡ್‌ಮಾಸ್ಟರ್ ಕಂಪ್ಯೂಟರಿನಿಂದಲೂ ಬರುತ್ತಿದೆ. ಕನ್ನಡ ಮೇಡಂ ಫೋನಿನಿಂದ ನುಡಿಯ ಪಿಡಿಎಫ್ ಕೊಟ್ಟರು, ಅಕ್ಷರ ಒಂದೂ ಕೆಟ್ಟಿಲ್ಲ. ಬೇಕೆಂದೇ ಪ್ರಿಂಟರ್ ಸ್ವಿಚ್ ಆರಿಸಿ ಹಾಕಿ ನೋಡಿದೆವು, ತಾನೇ ಸಿದ್ಧವಾಯಿತು. ರೋಲರ್, ಪ್ಯಾಡ್ ಎರಡನ್ನೂ ತರಿಸಿದ್ದೇವೆ.

ಎರಡು ವಿಷಯ ಉಳಿದಿವೆ. ವಿಜ್ಞಾನದ ಮೇಷ್ಟ್ರ ಫೋನಿನಲ್ಲಿ ಮಾತ್ರ ಪ್ರಿಂಟರ್ ಕಾಣುತ್ತಿಲ್ಲ, ವೈಫೈ ಸೇರಿದೆ. ಮತ್ತೆ, ಎರಡು ಬದಿ ಪ್ರಿಂಟಿಗೆ ಕಾಗದ ತಿರುಗಿಸಿ ಹಾಕುವ ಕ್ರಮ ಹೇಗೆ?

ಪೆಂಗ್ವಿನ್ (ಹಾಸನ)

ಅವರು ಯಾವ ವೈಫೈ ಹೆಸರಿಗೆ ಸೇರಿದ್ದಾರೆ ನೋಡಿ. ಮಕ್ಕಳಿಗೆಂದು ಮಾಡಿದ ಗೆಸ್ಟ್ ವೈಫೈಗೆ ಸೇರಿದ್ದರೆ ಕಾಣುವುದಿಲ್ಲ, ಅದು ಕಾಣದಿರಲಿ ಎಂದೇ ಮಾಡಿದ್ದು. ಆಫೀಸಿನ ಹೆಸರಿಗೇ ಸೇರಿದ್ದೂ ಕಾಣದಿದ್ದರೆ ರೂಟರಿನಲ್ಲಿ ಎಪಿ ಐಸೊಲೇಶನ್ ಎಂಬುದು (ಒಂದೇ ವೈಫೈಯಲ್ಲಿರುವ ಯಂತ್ರಗಳು ಒಂದಕ್ಕೊಂದು ಕಾಣದಂತೆ ಮಾಡುವ ಸೆಟ್ಟಿಂಗ್) ಆನ್ ಇದೆಯೇ ನೋಡಿ, ಆಫೀಸಿನ ವೈಫೈಗೆ ಅದು ಆಫ್ ಇರಬೇಕು. ಫೋನಿನಲ್ಲಿ ವಿಪಿಎನ್ ಆ್ಯಪ್ ಇದ್ದರೂ ಹೀಗಾಗುತ್ತದೆ.

ಶಾಲೆ ಆಫೀಸು (ತೀರ್ಥಹಳ್ಳಿ ಕಡೆ)

ಗೆಸ್ಟ್‌ಗೇ ಸೇರಿದ್ದರು. ಬದಲಿಸಿದ ಕೂಡಲೇ ಕಾಣಿಸಿತು. ಧನ್ಯವಾದ.

ಹಳೇ ಯಂತ್ರ (ದಾವಣಗೆರೆ, ಪ್ರಿಂಟರ್ ರಿಪೇರಿ)

ಎರಡು ಬದಿಯದು ಕಂಪ್ಯೂಟರಿನಿಂದಲೇ ಮಾಡಿ ಮೇಡಂ, ಫೋನಿನಿಂದ ಕಷ್ಟ. ವರ್ಡ್‌ನಲ್ಲಿ ಪ್ರಿಂಟ್ ಕೊಡುವಾಗ ಮ್ಯಾನುವಲಿ ಪ್ರಿಂಟ್ ಆನ್ ಬೋತ್ ಸೈಡ್ಸ್ ಎಂಬ ಆಯ್ಕೆ ಇದೆ. ಅದು ಒಂದು ಬದಿ ಮುಗಿಸಿ, ಕಾಗದ ತಿರುಗಿಸಿ ಹಾಕಿ ಎಂದು ಕೇಳುತ್ತದೆ. ಪಿಡಿಎಫ್ ಆದರೆ ಮೊದಲು ಬೆಸ ಪುಟ, ಆಮೇಲೆ ಸಮ ಪುಟ ಎಂದು ಆರಿಸಿ. ಒಟ್ಟು ಪುಟ ಬೆಸ ಸಂಖ್ಯೆಯಾಗಿದ್ದರೆ ಕೊನೆಯ ಹಾಳೆಗೆ ಹಿಂಬದಿ ಇಲ್ಲ. ಅದನ್ನು ತೆಗೆದಿಟ್ಟು ಉಳಿದದ್ದನ್ನು ಹಾಕಿ, ಇಲ್ಲದಿದ್ದರೆ ಎಲ್ಲವೂ ಒಂದೊಂದು ಹಾಳೆ ಆಚೀಚೆಯಾಗುತ್ತದೆ.

ಯಾವ ಮುಖ ಮೇಲೆ, ಯಾವ ತುದಿ ಒಳಗೆ ಎಂದು ಬಾಯಲ್ಲಿ ಹೇಳಿದರೆ ಗೊಂದಲ. ನಾಲ್ಕು ಪುಟದ ಒಂದು ಫೈಲ್ ತಗೊಳ್ಳಿ. ಟ್ರೇಯಲ್ಲಿರುವ ಮೇಲಿನ ಹಾಳೆಯ ಮೂಲೆಗೆ ಪೆನ್ಸಿಲ್ ಗುರುತು ಹಾಕಿ ಒಮ್ಮೆ ತೆಗೆದು ನೋಡಿ. ಸರಿ ಬಂದ ಕ್ರಮವನ್ನು ಚಿತ್ರ ಬರೆದು ಪ್ರಿಂಟರ್ ಮೇಲಿನ ಗೋಡೆಗೆ ಅಂಟಿಸಿ, ನೀವು ರಜೆ ಹಾಕಿದ ದಿನವೂ ಯಾರೂ ನಿಮಗೆ ಫೋನ್ ಮಾಡುವುದಿಲ್ಲ. ಮೊದಲ ಬದಿ ಮುಗಿದ ಕೂಡಲೇ ಎರಡನೆಯದಕ್ಕೆ ಹಾಕಬೇಡಿ. ಹಾಳೆ ಬಿಸಿ ಇರುತ್ತದೆ, ಸ್ವಲ್ಪ ಸುರುಳಿಯಾಗಿಯೂ ಇರುತ್ತದೆ. ಐದು ನಿಮಿಷ ದಪ್ಪ ರಿಜಿಸ್ಟರ್ ಅಡಿ ಇಟ್ಟು, ಅಂಚು ತಟ್ಟಿ ಸಮ ಮಾಡಿ, ಇಪ್ಪತ್ತು ಇಪ್ಪತ್ತೇ ಹಾಳೆ ಹಾಕಿ.

ರೋಲರ್ ಹಾಕುವಾಗ ಅದರ ರಬ್ಬರ್ ಮೇಲೆ ಕೈಯ ಎಣ್ಣೆ ತಾಗದಂತೆ ಬದಿಯಲ್ಲಿ ಹಿಡಿದುಕೊಳ್ಳಿ. ಪ್ಯಾಡ್ ಬಿಚ್ಚುವಾಗ ಅದರ ಸ್ಪ್ರಿಂಗ್ ಹಾರಿ ಹೋಗದಂತೆ ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳಿ.